ತಕ್ಕಡಿ ತಪ್ಪಿದ ಲೆಕ್ಕ

"ನನಗೆ ಒಂದು ಅಂಕವೂ ಇಲ್ವಾ?!"

ಅಂಕಪಟ್ಟಿಯನ್ನು ಮೇಜಿನ ಮೇಲೆ ಬಡಿದಳು ಅವಳು. ಪಂಪು ತಯಾರಿಸುವ ಆ ಕಾರ್ಖಾನೆಯ ಉತ್ಪಾದನಾ ಮ್ಯಾನೇಜರ್. ಹನ್ನೆರಡು ವರ್ಷ ಅಲ್ಲೇ ಬೆವರು ಹರಿಸಿದವಳು.

ಎದುರಿಗಿದ್ದವನು ಹೊರಗಿನಿಂದ ಬಂದ ಸಲಹೆಗಾರ. ಅಳೆದು ತೂಗದೆ ಬಾಯಿ ಬಿಡದ ಅವನಿಗೆ ಕಾರ್ಮಿಕರು ಇಟ್ಟ ಹೆಸರು 'ತಕ್ಕಡಿ'. ನಿವೃತ್ತರಾಗುತ್ತಿದ್ದ ಯಜಮಾನರ ಕುರ್ಚಿ ಯಾರಿಗೆ ಎಂದು ತೀರ್ಮಾನಿಸುವ ವಿಧಾನ ಅವನದೇ: ಐದು ಗುಣ, ಪ್ರತಿಯೊಂದಕ್ಕೂ ಇಷ್ಟಿಷ್ಟು ತೂಕ, ಅವನೂ ಸೇರಿ ಐವರು ತೀರ್ಪುಗಾರರು. ಕಣದಲ್ಲಿದ್ದವರು ಇಬ್ಬರೇ, ಅವಳು ಮತ್ತು ಮಾರಾಟದ ಮ್ಯಾನೇಜರ್. ಯಜಮಾನರು ಸಹಿ ಹಾಕುವ ಮುನ್ನ ಪಟ್ಟಿಯನ್ನು ಇಬ್ಬರಿಗೂ ತೋರಿಸಬೇಕಿತ್ತು.

ಉಳಿದ ನಾಲ್ವರ ಲೆಕ್ಕದಲ್ಲಿ ಅವಳೇ ಮುಂದೆ. ತಕ್ಕಡಿ ಮಾತ್ರ ಎದುರಾಳಿಗೆ ನೂರಕ್ಕೆ ಎಪ್ಪತ್ತು ಕೊಟ್ಟು, ಅವಳ ಸಾಲಿನಲ್ಲಿ ಬರಿಯ ಗೆರೆ ಎಳೆದಿದ್ದ. ಒಟ್ಟು ಹಾಕಿದರೆ ಅವಳು ಸೋತಿದ್ದಳು!

ಮೂರು ತಿಂಗಳು ಯಂತ್ರಗಳ ನಡುವೆ ಜೊತೆಯಾಗಿ ಓಡಾಡಿದ್ದು, ನಕ್ಕಿದ್ದು... ಎಲ್ಲ ನಾಟಕವೇ? ಅಷ್ಟಕ್ಕೇ ಬಿಟ್ಟುಕೊಡುವ ಹೆಣ್ಣಲ್ಲ ಅವಳು.

"ಕಾರಣ ಹೇಳಿ. ಕೇಳದೆ ಇಲ್ಲಿಂದ ಕದಲಲ್ಲ."

ಅವನು ತಲೆ ತಗ್ಗಿಸಿ ಒಂದು ಚೀಟಿ ಮುಂದಿಟ್ಟ.

'ಈ ಅಭ್ಯರ್ಥಿಯನ್ನು ನಾನು ಪ್ರೀತಿಸುತ್ತೇನೆ. ಆದ್ದರಿಂದ ಇವರಿಗೆ ಅಂಕ ಕೊಡಲಾರೆ.'

ಅವಳ ಎದೆ ಝಲ್ಲೆಂದಿತು. ಅಯ್ಯೋ... ಇವರಿಗೂನಾ?!

"ಪ್ರಾಮಾಣಿಕವಾಗಿ ಇರೋಣ ಅಂದ್ಕೊಂಡೆ ಮೇಡಂ..."

"ಪ್ರೀತಿ ಸರಿ. ಲೆಕ್ಕ ತಪ್ಪು!" ಅವಳು ಕಣ್ಣೊರೆಸಿಕೊಂಡಳು. "ಅವರಿಗೆ ಕೊಟ್ಟು ನನಗೆ ಬಿಟ್ರೆ ನ್ಯಾಯ ಹೇಗಾಗತ್ತೆ? ಬಿಡೋದಾದ್ರೆ ಇಬ್ಬರದ್ದೂ ಬಿಡಬೇಕು."

ತಕ್ಕಡಿ ಬೆಪ್ಪಾಗಿ ಪಟ್ಟಿ ನೋಡಿದ. "ಇಷ್ಟೂ ಹೊಳೀಲಿಲ್ವಲ್ಲ ನನಗೆ!"

"ನಡೀರಿ ಯಜಮಾನರ ಹತ್ರ. ಚೀಟಿನೂ ತಗೊಳ್ಳಿ."

"ಚೀಟಿ ಬೇಡ... ಜನ ನಿಮ್ಮನ್ನ ಆಡ್ಕೊಳ್ತಾರೆ."

"ಆಡ್ಕೊಳ್ಳಲಿ. ಕದ್ದುಮುಚ್ಚಿ ಸಿಗೋ ಕುರ್ಚಿ ನನಗೆ ಬೇಡ."

ಯಜಮಾನರು ಚೀಟಿಯನ್ನು ಎರಡು ಸಲ ಓದಿ, ಮಾರಾಟದ ಮ್ಯಾನೇಜರನ್ನು ಕರೆಸಿ ತೋರಿಸಿ, ಅವಳ ವಾದವನ್ನೂ ಹೇಳಿದರು. ಆತ ಗಲ್ಲ ಕೆರೆದುಕೊಂಡ. "ಅವರು ಹೇಳೋದು ಸರಿಯಾಗೇ ಇದೆ. ತೆಗೀರಿ ಸರ್."

ತಕ್ಕಡಿ ಕೊಟ್ಟ ಅಂಕ ಪಟ್ಟಿಯಿಂದ ಹೋಯಿತು. ಹನ್ನೊಂದು ಅಂಕಗಳಿಂದ ಅವಳು ಗೆದ್ದಳು.

"ಏನಮ್ಮಾ, ಈ ಚೀಟಿನ ಫೈಲಿಗೆ ಹಾಕಲಾ?" ಯಜಮಾನರು ಮೀಸೆಯಲ್ಲೇ ನಕ್ಕರು.

"ಹಾಕಿ ಸರ್. ಕೆಳಗೆ ನಾನೂ ಒಂದು ಸಾಲು ಬರೀತೀನಿ."

'ಅಭ್ಯರ್ಥಿಗೂ ಇವರ ಮೇಲೆ ಪ್ರೀತಿಯಿದೆ' ಎಂದು ಬರೆದು ಸಹಿ ಹಾಕಿದಳು.

ಹೊರಗೆ ಬರುವಾಗ ಅವನು ಮೆಲ್ಲಗೆ ಕೇಳಿದ. "ಯಾವಾಗಿಂದ...?"

"ಸೋರ್ತಿದ್ದ ಪಂಪಿನ ಮುಂದೆ ಒಂದು ಗಂಟೆ ನನ್ನ ಜೊತೆ ನೆಲದ ಮೇಲೆ ಕೂತಿದ್ರಲ್ಲ, ಅವತ್ತಿಂದ."

"ಅವತ್ತು ನಾನು ಪಂಪನ್ನ ಎಲ್ಲಿ ನೋಡ್ದೆ...!"