ಸಂತನ ಹಬ್ಬದ ದಿನದ ಸಂದರ್ಶನ

"ಹಬ್ಬದ ದಿನ ಮನೆ ಸೊಸೆ ಹೊಸ್ತಿಲು ದಾಟಿ ಹೋದ್ರೆ ಬಂದವರಿಗೆ ಏನು ಹೇಳ್ಲಿ ನಾನು? ಸತ್ಲು ಅನ್ಲಾ?"

ಅತ್ತೆ ಮಿಲುಂಕಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಮುಂಜಾನೆಯಿಂದ ಮೀನು ಹುರಿದು, ಗೋಧಿ ಬೇಯಿಸಿ, ಹಬ್ಬದ ರೊಟ್ಟಿ ಸುಟ್ಟು ದಣಿದಿದ್ದ ಸ್ನೆಜಾನಾಳಿಗೆ ವಾದಿಸುವ ಶಕ್ತಿಯೇ ಉಳಿದಿರಲಿಲ್ಲ. ಕೋಟು ತೊಟ್ಟು, ಅತ್ತೆಯ ಪಕ್ಕದಿಂದ ಮೆಲ್ಲನೆ ನುಸುಳಿ ಹೊರಬಿದ್ದಳು.

ಪಿರೋಟ್ ಪಟ್ಟಣದ ವೃದ್ಧಾಶ್ರಮಕ್ಕೆ ಒಬ್ಬ ಅಡುಗೆಯವಳು ಬೇಕಾಗಿದ್ದಳು. ಸಂದರ್ಶನಕ್ಕೆ ಗೊತ್ತಾದ ದಿನವೇ ಅವರ ಮನೆತನವನ್ನು ಕಾಯುವ ಸಂತ ನಿಕೋಲನ ಹಬ್ಬ! ಅಂದು ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಬರುತ್ತಾರೆ. ಕೊನೆಯ ಅತಿಥಿ ಏಳುವವರೆಗೆ ಬಡಿಸುವವರು ಕೂರುವಂತಿಲ್ಲ. ಆದರೆ ಗಂಡ ರಾದಿಶಾ ಕಟ್ಟಡದಿಂದ ಬಿದ್ದು ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದ ಆ ಮನೆಗೆ ಈ ಕೆಲಸವೊಂದೇ ದಿಕ್ಕಾಗಿತ್ತು...

ವಾರವಿಡೀ ಅವನೇ ಮಲಗಿದಲ್ಲಿಂದ ಪ್ರಶ್ನೆ ಕೇಳಿ ಅವಳನ್ನು ತಯಾರು ಮಾಡಿದ್ದ.

"ನಿಮ್ಮ ದೌರ್ಬಲ್ಯ ಏನು, ಹೇಳಿ."

"ಗಂಡ."

"ಹಾಗನ್ಬೇಡ ಕಣೇ, ಕೆಲಸ ಹೋಗುತ್ತೆ. ತಪ್ಪು ಕಂಡ್ರೆ ಬಾಯಿ ಮುಚ್ಕೊಂಡಿರಕ್ಕಾಗಲ್ಲ ಅನ್ನು."

"ನಿಮ್ಮಮ್ಮನ ಮುಂದೆ ಹದಿನೆಂಟು ವರ್ಷದಿಂದ ಮುಚ್ಕೊಂಡೇ ಇದ್ದೀನಲ್ಲ."

ಆಶ್ರಮದ ಮೇಲ್ವಿಚಾರಕಿ ದೌರ್ಬಲ್ಯದ ವಿಷಯವನ್ನೇ ಎತ್ತಲಿಲ್ಲ. "ಎಂಬತ್ತು ಜನ. ಹನ್ನೆರಡು ಜನಕ್ಕೆ ಉಪ್ಪು ಆಗಲ್ಲ. ಹತ್ತು ಜನ ಅಗಿಯಲ್ಲ. ಹೇಗೆ ಮಾಡ್ತೀರಿ?" ಎಂದು ನೇರವಾಗಿ ಕೇಳಿದಳು.

"ಉಪ್ಪಿಲ್ದೆ ಬೇಯಿಸಿ, ಅವರ ಪಾಲು ಮೊದಲು ತೆಗೆದಿಟ್ಟು, ಆಮೇಲೆ ಉಪ್ಪು ಹಾಕ್ತೀನಿ ಮೇಡಂ. ಅಗಿಯಕ್ಕಾಗ್ದವರಿಗೆ ಅರೆದು ಕೊಡ್ತೀನಿ. ಆದ್ರೆ ಎಲ್ಲಾ ಒಟ್ಟಿಗೆ ಅಲ್ಲ, ಒಂದೊಂದೂ ಬೇರೆ ಬೇರೆ. ಏನು ತಿಂತಿದ್ದೀವಿ ಅಂತ ನಾಲಿಗೆಗೆ ಗೊತ್ತಾಗ್ಬೇಕು."

ರಾದಿಶಾನಿಗೆ ಚಮಚದಲ್ಲಿ ಉಣ್ಣಿಸಿದ ತಿಂಗಳುಗಳು ಕಲಿಸಿದ ಪಾಠವದು. ಮೇಲ್ವಿಚಾರಕಿಯ ಪೆನ್ನು ನಿಂತಿತು.

"ಕೋಟಲ್ಲಿ ಮೀನಿನ ವಾಸನೆ ಇದೆ. ಇವತ್ತು ನಿಮ್ಮನೇಲಿ ಹಬ್ಬಾನಾ?"

"ಹೌದು."

"ಬಿಟ್ಟು ಬಂದ್ರಾ?"

"ಬಂದೆ."

"ನಮ್ಮ ಕೆಲಸದವರಲ್ಲಿ ಅರ್ಧ ಜನ ಇದೇ ಹಬ್ಬಕ್ಕೆ ಇವತ್ತು ರಜೆ. ಮುದುಕರ ಹೊಟ್ಟೆಗೆ ರಜೆ ಇಲ್ಲ. ಮುಂದಿನ ವರ್ಷಾನೂ ಇದೇ ದಿನ ಬರ್ತೀರಾ? ಅದರ ಮುಂದಿನ ವರ್ಷ?"

ಈ ಪ್ರಶ್ನೆಯನ್ನು ರಾದಿಶಾ ಕೇಳಿರಲಿಲ್ಲ.

"ಬರ್ತೀನಿ."

"ಹಾಗಾದ್ರೆ ಸೋಮವಾರ ಬೆಳಿಗ್ಗೆ ಆರಕ್ಕೆ ಬನ್ನಿ."

ಮನೆಗೆ ಮರಳಿದಾಗ ಒಳಗೆ ಗದ್ದಲವೋ ಗದ್ದಲ. ನಡುಮನೆಯ ಹೊರಗೇ ಅವಳ ಕಾಲು ತಡೆಯಿತು. ನೆರೆಮನೆಯ ಹೆಂಗಸೊಬ್ಬಳು ರಾಗ ಎಳೆಯುತ್ತಿದ್ದಳು: "ಎಲ್ಲಿ ಹೋದ್ಲಮ್ಮ ನಿನ್ನ ಸೊಸೆ, ಇಂಥ ದಿನ?"

"ದುಡಿಮೆ ಹುಡುಕ್ಕೊಂಡು ಹೋಗಿದ್ದಾಳೆ. ನನ್ನ ಮಗನ ಮನೆ ನಡೀಬೇಕಲ್ಲ. ನೀನು ಮುಳ್ಳು ನೋಡ್ಕೊಂಡು ತಿನ್ನು." ಎಪ್ಪತ್ತಾರರ ಮಿಲುಂಕಾಳ ದನಿ ಅದು.

ಬರಿದಾದ ತಟ್ಟೆ ಹಿಡಿದು ಹೊರಬಂದ ಅತ್ತೆ ಸೊಸೆಯನ್ನು ಕಂಡು ನಿಂತಳು.

"ಸಿಕ್ತಾ?"

"ಸಿಕ್ತು ಅತ್ತೆ. ಆದ್ರೆ... ಇನ್ಮೇಲೆ ಪ್ರತಿ ವರ್ಷ, ಈ ದಿನಾನೂ..."

ಮಿಲುಂಕಾ ಗೋಡೆಗೆ ಕೈಯೂರಿದಳು. ಶಪಿಸಲಿಲ್ಲ, ಹರಸಲೂ ಇಲ್ಲ.

"ಬಡಿಸೋಕೆ ಇನ್ನೆಷ್ಟು ವರ್ಷ ನಿಲ್ತೀನೋ ಗೊತ್ತಿಲ್ಲ ಕಣೇ. ನಾನು ನಿಂತಿರೋವರೆಗೆ ನೀನು ಹೋಗು."

ಸ್ನೆಜಾನಾ ಅತ್ತೆಯ ಕೈಯಿಂದ ತಟ್ಟೆಯನ್ನು ತೆಗೆದುಕೊಂಡಳು. ಒಳಗಿನಿಂದ ಯಾರೋ ರೊಟ್ಟಿಗಾಗಿ ಕೂಗಿದರು. ಕೋಟನ್ನೂ ಕಳಚದೆ ಅವಳು ಬಡಿಸಲು ಹೋದಳು.