ಮುದ್ದೆಯೊಳಗಿನ ಗೋಧಿ

ಅತ್ತೆ ಹೊಂಬಾಳಮ್ಮ ಕಿರಿಯ ಅಳಿಯ ಸೋಮಶೇಖರನ ಹೆಸರೆತ್ತಿದರೆ ಸಾಕು, ಹಿರಿಯ ಅಳಿಯ ರವೀಶನಿಗೆ ಮೈ ಉರಿಯುತ್ತಿತ್ತು. ಇಬ್ಬರೂ ಸರ್ಕಾರಿ ನೌಕರರು. ಇವನು ಗುಬ್ಬಿಯಲ್ಲಿ, ಅವನು ಕುಣಿಗಲ್‌ನಲ್ಲಿ. ನೌಕರರ ಕ್ರೀಡಾಕೂಟದ ಓಟದಲ್ಲಿ ಪ್ರತಿ ವರ್ಷ ಅವನು ಫಸ್ಟು, ಇವನು ಸೆಕೆಂಡು. "ನಮ್ ಸೋಮು ಕುದ್ರೆ ಕಣಪ್ಪ. ನೀನೂ ಪರ್ವಾಗಿಲ್ಲ ಬುಡು," ಎಂದು ಅತ್ತೆ ಹಬ್ಬದೂಟದ ಪಂಕ್ತಿಯಲ್ಲೇ ಅಂದಿದ್ದಳು. ಆ 'ಪರ್ವಾಗಿಲ್ಲ' ರವೀಶನಿಗೆ ಇನ್ನೂ ಅರಗಿರಲಿಲ್ಲ.

ಕೊನೆಗೂ ದೇವರು ಕಣ್ಣು ಬಿಟ್ಟ. ಚಪಾತಿ ತಿಂದು ಓಡಲು ಹೋದ ಸೋಮಶೇಖರ ಮೈತುಂಬ ದದ್ದೆದ್ದು, ಉಸಿರು ಕಟ್ಟಿ ಬಿದ್ದ. ಗೋಧಿ ತಿಂದು ಸುಮ್ಮನಿದ್ದರೆ ಏನೂ ಆಗದು, ಬರೀ ಓಡಿದರೂ ಏನೂ ಆಗದು, ಎರಡೂ ಸೇರಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಗೋಧಿ ತಿಂದರೆ ಐದಾರು ಗಂಟೆ ಓಡಕೂಡದು, ಜೊತೆಗೆ ಇಂಜೆಕ್ಷನ್ ಸದಾ ಇರಬೇಕು. ಚಿಕಿತ್ಸೆ ಅಷ್ಟೇ.

ರವೀಶ ಬಚ್ಚಲಲ್ಲಿ ಹಾಡಿಕೊಂಡ. ಎಂಥ ಸೊಗಸಾದ ಕೊಲೆ! ಹಿಟ್ಟು ಕೊಡುವುದಷ್ಟೇ ತನ್ನ ಕೆಲಸ, ಉಳಿದದ್ದನ್ನು ಅವನ ಕಾಲುಗಳೇ ಮಾಡುತ್ತವೆ. ಕ್ರೀಡಾಕೂಟದ ಹಿಂದಿನ ದಿನ ಮೈದಾನಕ್ಕೆ ಹತ್ತಿರವೆಂದು ಷಡ್ಡಕನನ್ನು ಶೆಟ್ಟಿಹಳ್ಳಿಯ ತನ್ನ ಮನೆಗೇ ಕರೆಸಿಕೊಂಡ. ಹೆಂಡತಿ ಹೆಬ್ಬೂರಿನ ತವರಿನಲ್ಲಿದ್ದಳು. ಬೆಳಿಗ್ಗೆ ತಾನೇ ಸೌಟು ಹಿಡಿದು ರಾಗಿಗೆ ಧಾರಾಳವಾಗಿ ಗೋಧಿಹಿಟ್ಟು ಬೆರೆಸಿ ಮುದ್ದೆ ಕಟ್ಟಿದ, ಬಿಸಿ ಬಸ್ಸಾರಿನಲ್ಲಿ ಮುಳುಗಿಸಿದ. ಷಡ್ಡಕನ ಚೀಲದಲ್ಲಿದ್ದ ಇಂಜೆಕ್ಷನ್ನು ಅಕ್ಕಿ ಡಬ್ಬದೊಳಗೆ ಹೋಯಿತು.

"ನುಂಗೋಕೆ ಬೆಣ್ಣೆ ಇದ್ದಂಗೈತೆ ಅಣ್ಣ," ಎಂದು ಸೋಮಶೇಖರ ಇನ್ನೊಂದು ಮುದ್ದೆ ಹಾಕಿಸಿಕೊಂಡ. ರವೀಶನಿಗೆ ಕುಣಿಯಬೇಕೆನಿಸಿತು.

ಅವನು ಎಲ್ಲ ಲೆಕ್ಕ ಹಾಕಿದ್ದ, ಮುಖ್ಯ ಅತಿಥಿಯೊಬ್ಬರನ್ನು ಬಿಟ್ಟು. ಸಾಹೇಬರು ಬಂದು ದೀಪ ಹಚ್ಚದೆ ಯಾವ ಕ್ರೀಡಾಕೂಟ ಶುರುವಾದೀತು? ಒಂಬತ್ತರ ಓಟ ಹನ್ನೊಂದಾಯಿತು, ಹನ್ನೆರಡಾಯಿತು. ಸೋಮಶೇಖರ ಮೈದಾನದಂಚಿನ ಹೊಂಗೆ ಮರದಡಿ ಟವೆಲ್ ಹಾಸಿ ಆರಾಮಾಗಿ ಮಲಗಿದ್ದ. ಬೆವತು ಹೋದ ರವೀಶ ಅಲ್ಲೇ ನಿಂತಿದ್ದ ಸಂಘಟಕ ಯಲ್ಲಯ್ಯನ ತೋಳು ಹಿಡಿದ. "ಶುರು ಮಾಡ್ಸಿ ಸಾರ್, ದಮ್ಮಯ್ಯ." "ಏನ್ರೀ ಅರ್ಜೆಂಟು? ಸಾಹೇಬ್ರು ಈಗ ಮನೆ ಬಿಟ್ಟವ್ರಂತೆ." "ಅಲ್ಲಿಗಂಟ ಕಾದ್ರೆ ಮುದ್ದೆಲಿರೋ ಗೋಧಿ ಎಲ್ಲಾ ಜೀರ್ಣ ಆಗೋಯ್ತದೆ ಕಣ್ರೀ." ಮಾತು ಬಾಯಿಂದ ಜಾರಿದ ಮೇಲೆ ರವೀಶ ಮೆಲ್ಲಗೆ ತಿರುಗಿದ. ಸೋಮಶೇಖರ ಎದ್ದು ಕೂತು, ಇಂಜೆಕ್ಷನ್ನಿಗಾಗಿ ತನ್ನ ಚೀಲ ತಡಕುತ್ತಿದ್ದ.