ಅಮ್ಮ ಅಣ್ಣನಿಗೆ ಬರೆಯುವ ಮೇಲ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಣ್ಣನ ಹೆಸರಿಗೆ ಬರೆದ ಮೇಲ್‌ಗಳು ನನ್ನ ಇನ್‌ಬಾಕ್ಸ್‌ಗೆ ಬರುತ್ತಿವೆ. ಬರೆಯುವವಳು ಅಮ್ಮ. ಅವಳು ತೀರಿಕೊಂಡು ವರ್ಷವಾಯಿತು.

ಕಣ್ಣು ಮಂಜಾದ ಮೇಲೆ ಅವಳು ಹೇಳುತ್ತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. ಶುರು ಯಾವಾಗಲೂ ಒಂದೇ: "ಪುಟ್ಟಾ, ಊಟ ಆಯ್ತೇನೋ?" ಆಮೇಲೆ ನನ್ನ ಮೇಲೆ ದೂರು. ಅವಳನ್ನು ಎತ್ತಿ ಇಳಿಸಿ ಸೊಂಟ ಮುರಿದುಕೊಂಡವಳು ನಾನು. "ಇವಳು ನನ್ನನ್ನ ಸರಿಯಾಗಿ ನೋಡ್ಕೊಳ್ಳಲ್ಲ" ಅಂತ ಕೈಯಾರೆ ಟೈಪ್ ಮಾಡುತ್ತಿದ್ದವಳೂ ನಾನೇ. ಮೇಲ್ ಬಂದೇ ಇಲ್ಲ ಅಂತ ಅಣ್ಣ ಸುಳ್ಳು ಹೇಳಿದರೆ ತೋರಿಸೋಣವೆಂದು, ಪ್ರತಿ ಸಲ ನನ್ನ ವಿಳಾಸವನ್ನೂ ಅವನಿಗೆ ಕಾಣದ ಹಾಗೆ ಸೇರಿಸುತ್ತಿದ್ದೆ. ಅಮ್ಮನಿಗೂ ಹೇಳಿರಲಿಲ್ಲ.

ಈ ಮೇಲ್‌ಗಳು ಶುರುವಾದಾಗ ಅಣ್ಣನಿಗೆ ಫೋನ್ ಮಾಡಿದೆ.

"ನನಗೂ ಬರ್ತಿದೆ ಕಣೇ. ನೀನೇ ಕಳಿಸ್ತಿದ್ದೀಯ ಅಂತ ಗೊತ್ತು. ಸಾಕು, ನಿಲ್ಲಿಸು" ಅಂದ.

ಅಮ್ಮನ ಕೋಣೆಗೆ ಹೋದೆ. ಕಂಪ್ಯೂಟರಿನ ವೈರು ನಾನು ಕಿತ್ತಿಟ್ಟ ಹಾಗೇ ಇತ್ತು. ಆದರೆ ಅದಕ್ಕೆ ಹೊದಿಸಿದ್ದ ಬಟ್ಟೆ ಬೆಚ್ಚಗಿತ್ತು. ಕೀಬೋರ್ಡಿನ ಮೇಲೆ ಅವಳ ನೋವಿನ ಮುಲಾಮಿನ ಜಿಡ್ಡು. ಒರೆಸಿದೆ. ಮರುದಿನ ಮತ್ತೆ ಇತ್ತು.

ಇವತ್ತು ಬೆಳಿಗ್ಗೆ ಅದೇ ಕೋಣೆಯ ಬಾಗಿಲಲ್ಲಿ ನಿಂತಿದ್ದಾಗ ಮೊಬೈಲ್ ಸದ್ದು ಮಾಡಿತು. "ಪುಟ್ಟಾ, ಊಟ ಆಯ್ತೇನೋ? ಇವಳು ಬಾಗಿಲಲ್ಲೇ ನಿಂತಿದ್ದಾಳೆ. ಒಳಗೆ ಬಾ ಅಂದ್ರೆ ಬರಲ್ಲ."

ಸತ್ತ ಮೇಲೂ ಅವಳು ಬರೆಯೋದು ಅವನಿಗೇ. ಹಾಳಾಗಲಿ, ಅದು ಹೊಸದಲ್ಲ. ಆದರೆ ನನ್ನ ವಿಳಾಸವನ್ನು ಗುಟ್ಟಾಗಿ ಸೇರಿಸೋದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.